ಫೀಲ್ಡ್ ಮಾರ್ಷಲ್ ಮಾಣೆಕ್‌ಶಾ: ಪದಕ ದೊರೆತ ದಿನಗಳು, ದೊರೆಯದ ದಿನಗಳು
(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಪಾಠ)



ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಮಿತಿಯವರು ಹೇಳಿದಾಗ, ಎಂಟನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನನಗೆ ತೋರಿಸಿದ ನೋಟ್‌ಬುಕ್ಕು ನೆನಪಿಗೆ ಬಂದಿತು. ಎರಡನೆಯ ಮಹಾಯುದ್ಧದ ಜರ್ಮನ್ ಸೇನಾನಿ ರೊಮ್ಮೆಲ್‌ನ ಚಿತ್ರವನ್ನು ಅದರಲ್ಲಿ ಅಂಟಿಸಿ, ಅವನಿಗೆ ದೊರೆತ ಪದಕಗಳನ್ನೆಲ್ಲ ಇಸವಿಸಹಿತ ಬರೆದಿದ್ದ. 1917ರಲ್ಲಿ ಪ್ರಷ್ಯಾದ ಅತ್ಯುನ್ನತ ಶೌರ್ಯ ಪದಕ; ಮುಂದಿನ ಯುದ್ಧದಲ್ಲಿ ನೈಟ್ಸ್ ಕ್ರಾಸ್; ಆಮೇಲೆ ಅದಕ್ಕೆ ಓಕ್ ಎಲೆ, ಖಡ್ಗ, ವಜ್ರಗಳ ಒಂದೊಂದೇ ಸೇರ್ಪಡೆ. ಎಲ್ಲವೂ ಸರಿಯಾಗಿಯೇ ಇತ್ತು. ಪಟ್ಟಿಯನ್ನು ತೋರಿಸಿದ ಮೇಲೆ ಅವನು ಕೇಳಿದ: "ಇಂಥವರು ನಮ್ಮ ಕಡೆ ಯಾರೂ ಇಲ್ಲವೇ ಸಾರ್?"

ಉದಕಮಂಡಲದಿಂದ ಕೂನೂರಿಗೆ ಬಸ್ಸಿನಲ್ಲಿ ಹೋಗುವವರೆಲ್ಲರೂ ವೆಲಿಂಗ್ಟನ್ನಿನ ಬಳಿ ಒಂದು ಸೇತುವೆಯನ್ನೂ ಒಂದು ಕಲ್ಲಿನ ಪ್ರತಿಮೆಯನ್ನೂ ಹಾದುಹೋಗುತ್ತಾರೆ. ಸೇತುವೆಗೆ ಮಾಣೆಕ್‌ಶಾ ಅವರ ಹೆಸರು, ಪ್ರತಿಮೆಯೂ ಅವರದೇ. ಆ ಹುಡುಗ ಎಷ್ಟೋ ಸಲ ಅದೇ ದಾರಿಯಲ್ಲಿ ಹೋಗಿದ್ದಾನೆ. ಅವನನ್ನು ದೂರಲಾರೆ. ಕಿಟಕಿಯಾಚೆ ಇರುವುದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳಿಕೊಡಲಿಲ್ಲ.

ನಮ್ಮ ಜಿಲ್ಲೆಗೂ ಸೇನೆಗೂ ಇರುವ ನಂಟು ಹಳೆಯದು. ಜಗತಳದ ಸುತ್ತಿನ ಗುಡ್ಡಗಳ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಕಟ್ಟಿದ ಬ್ಯಾರಕ್ಕುಗಳೇ ಮುಂದೆ ವೆಲಿಂಗ್ಟನ್ ಆದವು. ಮದ್ರಾಸ್ ರೆಜಿಮೆಂಟಿನ ಕೇಂದ್ರವಿರುವುದು ಅಲ್ಲಿಯೇ. ದೇಶ ವಿಭಜನೆಯಾಗಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಪಾಕಿಸ್ತಾನದ ಪಾಲಾದ ಮೇಲೆ, ಭಾರತದ ಕಾಲೇಜು ತಲೆಯೆತ್ತಿದ್ದೂ ಅಲ್ಲಿಯೇ. ಕೊಡಗಿನ ಜನರಲ್ ತಿಮ್ಮಯ್ಯನವರು ಎಂಟು ವರ್ಷದ ಬಾಲಕನಾಗಿ ಮಡಿಕೇರಿಯಿಂದ ಬಂದು ಸೇರಿದ್ದು ಕೂನೂರಿನ ಸೇಂಟ್ ಜೋಸೆಫ್ ಶಾಲೆಗೆ. ಅವರ ಹೆಸರು ಈ ಭಾಷಣದಲ್ಲಿ ಇನ್ನೊಮ್ಮೆ ಬರುತ್ತದೆ.

ಸ್ಯಾಮ್ ಮಾಣೆಕ್‌ಶಾ ಹುಟ್ಟಿದ್ದು 1914ರ ಏಪ್ರಿಲ್ 3ರಂದು, ಅಮೃತಸರದ ಪಾರ್ಸಿ ಮನೆಯೊಂದರಲ್ಲಿ. ತಂದೆ ವೈದ್ಯರು. ಮಗನಿಗೂ ಲಂಡನ್ನಿಗೆ ಹೋಗಿ ವೈದ್ಯನಾಗುವ ಆಸೆ. ಇನ್ನೂ ಚಿಕ್ಕವನು, ಈಗ ಬೇಡ ಎಂದು ತಂದೆ ತಡೆದರು. ಆ ಸಿಟ್ಟಿಗೆ ಹುಡುಗ ಹೊಸದಾಗಿ ತೆರೆಯಲಿದ್ದ ಡೆಹ್ರಾಡೂನ್ ಸೈನಿಕ ಅಕಾಡೆಮಿಯ ಪರೀಕ್ಷೆಗೆ ಕುಳಿತು ತೇರ್ಗಡೆಯಾದ. 1932ರಲ್ಲಿ ಸೇರಿದ ಆ ಮೊದಲ ತಂಡದಲ್ಲಿದ್ದವರು ನಲವತ್ತು ಮಂದಿ. ಅವರಲ್ಲಿ ಸ್ಮಿತ್ ಡನ್ ಮುಂದೆ ಬರ್ಮಾ ಸೇನೆಯ ಮುಖ್ಯಸ್ಥರಾದರು, ಮುಹಮ್ಮದ್ ಮೂಸಾ ಪಾಕಿಸ್ತಾನದ ಸೇನೆಯ ಮುಖ್ಯಸ್ಥರಾದರು, ಮಾಣೆಕ್‌ಶಾ ಭಾರತದ ಸೇನೆಯ ಮುಖ್ಯಸ್ಥರಾದರು. ಒಂದೇ ತರಗತಿಯ ಮೂವರು ಮೂರು ದೇಶಗಳ ಸೇನೆಗಳನ್ನು ಆಳಿದರು. ಶಾಲೆಯೊಂದರ ನೂರರ ಹಬ್ಬದಲ್ಲಿ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಮೊದಲ ಪದಕದ ಕತೆಗೆ ಬರುತ್ತೇನೆ. 1942ರ ಫೆಬ್ರವರಿಯಲ್ಲಿ ಜಪಾನಿನ ಸೇನೆ ಬರ್ಮಾದೊಳಗೆ ನುಗ್ಗಿತ್ತು. ರಂಗೂನಿಗೆ ಹೋಗುವ ದಾರಿಯಲ್ಲಿ ಸಿತ್ತಾಂಗ್ ನದಿ, ಅದರ ಮೇಲೊಂದು ರೈಲು ಸೇತುವೆ. ಸೇತುವೆಯ ತಲೆಗಿದ್ದ ಪಗೋಡಾ ಗುಡ್ಡವನ್ನು ಮರಳಿ ಹಿಡಿಯಲು ಫೆಬ್ರವರಿ 22ರಂದು ತಮ್ಮ ಕಂಪನಿಯನ್ನು ಮುನ್ನಡೆಸಿದ ಇಪ್ಪತ್ತೇಳರ ಮಾಣೆಕ್‌ಶಾ ಅವರ ಹೊಟ್ಟೆಗೆ ಮೆಷಿನ್‌ಗನ್ನಿನ ಗುಂಡುಗಳು ಹೊಕ್ಕವು. ಒಂದಲ್ಲ, ಏಳು. ಗುಡ್ಡ ಕೈಗೆ ಬಂದಿತು. ಆದರೆ ಮರುದಿನ ಬೆಳಗಿನ ಜಾವ ಬ್ರಿಟಿಷರೇ ಸೇತುವೆಯನ್ನು ಸಿಡಿಸಿಬಿಟ್ಟರು. ಹದಿನೇಳನೆಯ ಡಿವಿಜನ್ನಿನ ಬಹುಪಾಲು ಸೈನಿಕರು ಆಗಿನ್ನೂ ನದಿಯ ಆಚೆ ದಡದಲ್ಲಿಯೇ ಇದ್ದರು. ಪದಕಪತ್ರಗಳಲ್ಲಿ ಇಂಥ ಸಂಗತಿಗಳಿಗೆ ಜಾಗವಿರುವುದಿಲ್ಲ.

ಗಾಯಾಳುವನ್ನು ಹೊತ್ತು ತಂದವನು ಶೇರ್ ಸಿಂಗ್ ಎಂಬ ಸಿಪಾಯಿ. ಈತ ಬದುಕುವವನಲ್ಲ ಎಂದು ವೈದ್ಯರು ಕೈಬಿಡಲಿದ್ದಾಗ ಪಟ್ಟುಹಿಡಿದು ಶಸ್ತ್ರಚಿಕಿತ್ಸೆ ಮಾಡಿಸಿದವನೂ ಅವನೇ ಎನ್ನುತ್ತಾರೆ. ಏನಾಯಿತು ಎಂದು ವೈದ್ಯರು ಕೇಳಿದ್ದಕ್ಕೆ, ಹೇಸರಗತ್ತೆ ಒದೆಯಿತು ಎಂದು ಉತ್ತರಿಸಿದ್ದಾಗಿ ಮಾಣೆಕ್‌ಶಾ ಅವರೇ ನಗುತ್ತ ಹೇಳುತ್ತಿದ್ದರು. ಅದಕ್ಕೂ ಮೊದಲು, ಡೇವಿಡ್ ಕೋವನ್ ಎಂಬ ಹಿರಿಯ ಅಧಿಕಾರಿ ತಮ್ಮದೇ ಎದೆಯ ಮೇಲಿದ್ದ ಮಿಲಿಟರಿ ಕ್ರಾಸ್ ಪದಕದ ಪಟ್ಟಿಯನ್ನು ಬಿಚ್ಚಿ ಈ ತರುಣನ ಅಂಗಿಗೆ ಚುಚ್ಚಿದ್ದರು. ಇದೇ ಕೋವನ್ ಕೆಲವೇ ದಿನಗಳಲ್ಲಿ ಹದಿನೇಳನೆಯ ಡಿವಿಜನ್ನಿನ ಮುಖ್ಯಸ್ಥರಾದರು. ಅವರ ಅವಸರಕ್ಕೆ ಕಾರಣವಿತ್ತು. ಮಿಲಿಟರಿ ಕ್ರಾಸನ್ನು ಅಂದಿನ ನಿಯಮದಂತೆ ಸತ್ತವರಿಗೆ ಕೊಡುವಂತಿರಲಿಲ್ಲ. ಈತ ಸಂಜೆಯೊಳಗೆ ಸಾಯುತ್ತಾನೆ, ಅಷ್ಟರಲ್ಲಿ ಕೊಟ್ಟುಬಿಡೋಣ ಎಂಬುದು ಅವರ ಲೆಕ್ಕ. ಸರ್ಕಾರದ ಗೆಜೆಟ್ಟಿನಲ್ಲಿ ಅದು ಪ್ರಕಟವಾದುದು ಏಪ್ರಿಲ್‌ನಲ್ಲಿ. ಸಾಯುವವನೆಂದು ಕೊಟ್ಟ ಪದಕವನ್ನು ಪಡೆದವರು ಆಮೇಲೆ ಅರವತ್ತಾರು ವರ್ಷ ಬದುಕಿದರು.

ಮಕ್ಕಳಿಗಾಗಿ ಒಂದು ಮಾತು. ಸೇನಾನಿಯ ಎದೆಯ ಮೇಲೆ ಸಾಲುಸಾಲಾಗಿ ಕಾಣುವ ಬಣ್ಣದ ಪಟ್ಟಿಗಳೆಲ್ಲ ಶೌರ್ಯಕ್ಕೆ ಕೊಟ್ಟವಲ್ಲ. ಮಾಣೆಕ್‌ಶಾ ಅವರ ಎದೆಯ ಮೇಲಿದ್ದ ಬರ್ಮಾ ಸ್ಟಾರ್ ಆ ರಣರಂಗದಲ್ಲಿ ಸೇವೆ ಸಲ್ಲಿಸಿದ ಅಡುಗೆಯವನಿಗೂ ದೊರೆಯುತ್ತಿತ್ತು. 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕಗಳೂ ಅಂಥವೇ. ಅಲ್ಲಿ ಇದ್ದೆ, ನನ್ನ ಪಾಲಿನ ಕೆಲಸ ಮಾಡಿದೆ ಎಂಬುದಕ್ಕೆ ಗುರುತು. ನಿಮ್ಮ ಮನೆಯ ಕಪಾಟಿನಲ್ಲಿ ಅಜ್ಜನದೋ ದೊಡ್ಡಪ್ಪನದೋ ಒಂದು ಪದಕವಿದ್ದರೆ ಅದು ಹೆಚ್ಚಾಗಿ ಈ ಜಾತಿಯದೇ ಆಗಿರುತ್ತದೆ. ಫೀಲ್ಡ್ ಮಾರ್ಷಲರ ಎದೆಯ ಮೇಲೂ ಅಂಥದೇ ಇತ್ತೆಂದು ತಿಳಿದರೆ ಅದನ್ನು ಒರೆಸಿ ಇಡಲು ಮನಸ್ಸಾದೀತು. ಮಾಣೆಕ್‌ಶಾ ಅವರಿಗೆ ರಣರಂಗದ ಶೌರ್ಯಕ್ಕಾಗಿ ದೊರೆತದ್ದು ಒಂದೇ ಒಂದು, ಆ ಮಿಲಿಟರಿ ಕ್ರಾಸ್. 1968ರ ಪದ್ಮಭೂಷಣ, 1972ರ ಪದ್ಮವಿಭೂಷಣಗಳು ನಾಗರಿಕ ಪ್ರಶಸ್ತಿಗಳು.

ಆ ಪದ್ಮಭೂಷಣದ ವಿಷಯದಲ್ಲಿ ನನಗೊಂದು ಅಳುಕಿದೆ. ಅದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 1964ರಿಂದ 1969ರವರೆಗೆ ಅವರು ಪೂರ್ವ ವಲಯದ ಸೇನಾಧಿಪತಿಯಾಗಿದ್ದರು. ನಾಗಾ ಮತ್ತು ಮಿಜೋ ಬೆಟ್ಟಗಳ ಬಂಡಾಯವನ್ನು ಎದುರಿಸಿದ್ದಕ್ಕಾಗಿ ಆ ಪ್ರಶಸ್ತಿ. ಅದೇ ಅವಧಿಯಲ್ಲಿ, 1966ರ ಮಾರ್ಚಿಯಲ್ಲಿ, ಐಜ್ವಾಲ್ ಪಟ್ಟಣದ ಮೇಲೆ ನಮ್ಮದೇ ವಿಮಾನಗಳು ದಾಳಿ ಮಾಡಿದವು. ಮರುವರ್ಷದಿಂದ ಮಿಜೋ ಹಳ್ಳಿಗಳ ಜನರನ್ನು ಎಬ್ಬಿಸಿ ರಸ್ತೆಬದಿಯ ಕಾವಲು ನೆಲೆಗಳಲ್ಲಿ ಕೂಡಿಹಾಕಲಾಯಿತು. ತೀರ್ಮಾನ ಸರ್ಕಾರದ್ದಿರಬಹುದು. ಆದರೂ ಬೆಟ್ಟದ ಜನರಾದ ನಾವು, ಹಟ್ಟಿ ಬಿಟ್ಟು ಏಳಬೇಕಾದವರ ಪಾಡನ್ನು ಊಹಿಸಿಕೊಳ್ಳದೆ ಆ ಪದಕದ ಹೊಳಪನ್ನಷ್ಟೇ ನೋಡುವುದು ಹೇಗೆ?

ಇನ್ನು ಪದಕಗಳಿಲ್ಲದ ದಿನಗಳಿಗೆ ಬರೋಣ. ನನ್ನ ಎಣಿಕೆಯಲ್ಲಿ ಈ ಮನುಷ್ಯರ ದೊಡ್ಡತನ ಕಾಣುವುದು ಅಲ್ಲಿ.

ಐವತ್ತರ ದಶಕದ ಕೊನೆ. ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರು, ವಿ. ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರು. ಇಬ್ಬರ ನಡುವೆ ವಿರಸ. 1959ರಲ್ಲಿ ತಿಮ್ಮಯ್ಯನವರು ರಾಜೀನಾಮೆಯನ್ನೇ ಕೊಟ್ಟು, ನೆಹರೂ ಅವರ ಮಾತಿಗೆ ಮಣಿದು ಹಿಂತೆಗೆದುಕೊಂಡದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. ಅದಕ್ಕೆ ಮೊದಲು, ಮಾಣೆಕ್‌ಶಾ ಜಮ್ಮುವಿನಲ್ಲಿ ಡಿವಿಜನ್ ನಡೆಸುತ್ತಿದ್ದ ಕಾಲದಲ್ಲಿ, ಮೆನನ್ ಅವರು ತಿಮ್ಮಯ್ಯನವರ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ನನ್ನ ಮುಖ್ಯಸ್ಥರ ಬಗ್ಗೆ ಅಭಿಪ್ರಾಯ ಹೇಳಲು ನನಗೆ ಅಧಿಕಾರವಿಲ್ಲ. ಇಂದು ನೀವು ನನ್ನನ್ನು ಅವರ ಬಗ್ಗೆ ಕೇಳಿದರೆ, ನಾಳೆ ನನ್ನ ಬಗ್ಗೆ ನನ್ನ ಕೈಕೆಳಗಿನವರನ್ನು ಕೇಳುತ್ತೀರಿ, ಸೇನೆಯ ಶಿಸ್ತು ಕೆಟ್ಟುಹೋಗುತ್ತದೆ ಎಂಬ ಅರ್ಥದ ಉತ್ತರ ಬಂದಿತು. ಒಂದು ಚಾಡಿಮಾತು ಆಡಿದ್ದರೆ ಬಡ್ತಿಗೆ ದಾರಿ ಸಲೀಸಾಗುತ್ತಿತ್ತು. ಆಡಲಿಲ್ಲ.

ಅದರ ಬೆಲೆಯನ್ನು ತೆರಬೇಕಾದುದು ನಮ್ಮ ವೆಲಿಂಗ್ಟನ್ನಿನಲ್ಲಿ. 1959ರಲ್ಲಿ ಅವರು ಸ್ಟಾಫ್ ಕಾಲೇಜಿನ ಮುಖ್ಯಸ್ಥರಾಗಿ ಇಲ್ಲಿಗೆ ಬಂದರು. ತಿಮ್ಮಯ್ಯನವರು 1961ರ ಮೇ ತಿಂಗಳಲ್ಲಿ ನಿವೃತ್ತರಾದ ಮೇಲೆ ಗಾಳಿ ಬದಲಾಯಿತು; ಮಾಣೆಕ್‌ಶಾ ಅವರ ಮೇಲೆ ವಿಚಾರಣಾ ನ್ಯಾಯಾಲಯ ನೇಮಕವಾಯಿತು. ದೇಶಭಕ್ತಿಯಿಲ್ಲದವರು ಎಂಬುದು ಆರೋಪದ ತಿರುಳು. ಬ್ರಿಟಿಷ್ ಆಳ್ವಿಕೆಯ ಕಾಲದವರ ಚಿತ್ರಗಳನ್ನು ಕಾಲೇಜಿನಲ್ಲಿ ತೂಗುಹಾಕಿದ್ದಾರೆಂಬುದೂ ದೂರುಗಳಲ್ಲಿ ಸೇರಿತ್ತಂತೆ. ಸಿತ್ತಾಂಗಿನಲ್ಲಿ ಏಳು ಗುಂಡು ತಿಂದವರು ಗೋಡೆಯ ಮೇಲಿನ ಪಟಗಳಿಗಾಗಿ ಉತ್ತರ ಕೊಡಬೇಕಾಯಿತು. ಬಡ್ತಿ ನಿಂತಿತು. ಲೆಫ್ಟಿನೆಂಟ್ ಜನರಲ್ ದೌಲತ್ ಸಿಂಗ್ ಅವರ ಅಧ್ಯಕ್ಷತೆಯ ನ್ಯಾಯಾಲಯ ಆರೋಪಗಳಲ್ಲಿ ಹುರುಳಿಲ್ಲವೆಂದು ಅವರನ್ನು ಬಿಡುಗಡೆ ಮಾಡಿತು. ಗೆಳೆಯರೇ, ಯುದ್ಧಭೂಮಿಯಲ್ಲಿ ಗುಂಡಿಗೆ ಎದೆಯೊಡ್ಡುವುದು ಕೆಲವು ನಿಮಿಷಗಳ ಮಾತು. ಸ್ವಂತ ಇಲಾಖೆಯೇ ಸಂಶಯಿಸುತ್ತಿರುವಾಗ ತಿಂಗಳುಗಟ್ಟಲೆ ದಿನವೂ ಸಮವಸ್ತ್ರ ತೊಟ್ಟು ತರಗತಿಗೆ ಹೋಗಿ ಪಾಠ ಹೇಳಿಸುವುದು ಬೇರೆಯೇ ಧೈರ್ಯವನ್ನು ಬೇಡುತ್ತದೆ. ಇಲ್ಲಿ ಕುಳಿತಿರುವ ಉಪಾಧ್ಯಾಯರಲ್ಲಿ ಕೆಲವರಿಗಾದರೂ ನಾನು ಹೇಳುವುದು ಅರ್ಥವಾದೀತು.

ಅಷ್ಟರಲ್ಲಿ 1962ರ ಚೀನಾ ಯುದ್ಧ ಬಂದು ಎಲ್ಲವನ್ನೂ ಬುಡಮೇಲು ಮಾಡಿತು. ಮೆನನ್ ಅಧಿಕಾರ ಬಿಟ್ಟರು. ಸೋತು, ಚದುರಿ, ಮುಖ ತಗ್ಗಿಸಿ ನಿಂತಿದ್ದ ನಾಲ್ಕನೆಯ ಕೋರ್ ಎಂಬ ಸೇನಾವಿಭಾಗವನ್ನು ತೇಜಪುರದಲ್ಲಿ ವಹಿಸಿಕೊಳ್ಳಲು ಸರ್ಕಾರಕ್ಕೆ ನೆನಪಾದವರು ಈ ಆರೋಪಿಯೇ. ಅಲ್ಲಿಗೆ ಹೋದವರು ಅಧಿಕಾರಿಗಳಿಗೆ ಹೇಳಿದ್ದು ಬಹಳ ಚಿಕ್ಕದು: ಇನ್ನು ಮುಂದೆ ಲಿಖಿತ ಆಜ್ಞೆಯಿಲ್ಲದೆ ಯಾರೂ ಹಿಂದೆ ಸರಿಯಕೂಡದು, ಅಂಥ ಆಜ್ಞೆ ಎಂದಿಗೂ ಹೊರಡುವುದಿಲ್ಲ.

1969ರ ಜೂನ್‌ನಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. 1971ರ ಮಾರ್ಚಿ ಕೊನೆಯಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸೈನ್ಯದ ದಬ್ಬಾಳಿಕೆ ತೊಡಗಿ, ನಿರಾಶ್ರಿತರು ಗಡಿ ದಾಟಿ ಬರತೊಡಗಿದರು. ವರ್ಷದ ಕೊನೆಗೆ ಅವರ ಸಂಖ್ಯೆ ಒಂದು ಕೋಟಿಯ ಹತ್ತಿರಕ್ಕೆ ಬಂದಿತು. ಏಪ್ರಿಲ್ ಕೊನೆಯ ಸಂಪುಟ ಸಭೆಯಲ್ಲಿ ತಮ್ಮನ್ನು ಕರೆದು ಕೂಡಲೇ ಒಳನುಗ್ಗುವಂತೆ ಹೇಳಿದರೆಂದೂ, ತಾವು ಒಲ್ಲೆನೆಂದೂ ಮಾಣೆಕ್‌ಶಾ ಅವರು ವೃದ್ಧಾಪ್ಯದಲ್ಲಿ ವೆಲಿಂಗ್ಟನ್ ಕಾಲೇಜಿನ ಅಧಿಕಾರಿಗಳೆದುರು ವಿಸ್ತಾರವಾಗಿ ಹೇಳಿದ್ದಾರೆ. ಕಾರಣಗಳನ್ನು ನೋಡಿ. ಮುಂಗಾರು ಹತ್ತಿರವಿದೆ; ಬಂಗಾಳದಲ್ಲಿ ಮಳೆ ಹಿಡಿದರೆ ನದಿಗಳು ಸಮುದ್ರವಾಗುತ್ತವೆ, ಸೈನ್ಯ ರಸ್ತೆ ಬಿಟ್ಟು ಇಳಿಯುವಂತಿಲ್ಲ. ಹಿಮಾಲಯದ ಕಣಿವೆಗಳು ತೆರೆಯುವ ಕಾಲ, ಚೀನಾ ಕದಲಬಹುದು. ಪಂಜಾಬ, ಉತ್ತರಪ್ರದೇಶಗಳಲ್ಲಿ ಸುಗ್ಗಿ. ರೈಲು ಬಂಡಿಗಳನ್ನೆಲ್ಲ ಸೈನ್ಯಕ್ಕೆ ತೆಗೆದುಕೊಂಡರೆ ಧಾನ್ಯ ಕೊಳೆತುಹೋಗುತ್ತದೆ. ಗೂಡಲೂರು, ದೇವಾಲಗಳ ಆಷಾಢದ ಮಳೆಯನ್ನು ಕಂಡವರಿಗೆ ಮೊದಲನೆಯ ಕಾರಣವನ್ನು ವಿವರಿಸಬೇಕಾಗಿಲ್ಲ. ಬೇಕಾದರೆ ರಾಜೀನಾಮೆ ಕೊಡುತ್ತೇನೆ, ಇಲ್ಲವೇ ಸಿದ್ಧತೆಗೆ ಸಮಯ ಕೊಡಿ ಎಂದರು. ಇಂದಿರಾ ಗಾಂಧಿಯವರು ಸಮಯ ಕೊಟ್ಟರು. ಇಂದಿರಾ ಅವರಿಗೂ ಆಗಲೇ ಯುದ್ಧ ಬೇಕಾಗಿರಲಿಲ್ಲ, ಮಾಣೆಕ್‌ಶಾ ಆ ಪ್ರಸಂಗಕ್ಕೆ ಸ್ವಲ್ಪ ಬಣ್ಣ ಕಟ್ಟಿದ್ದಾರೆ ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಕತೆ ಹೇಳುವುದರಲ್ಲಿ ಅವರು ನಿಪುಣರಾಗಿದ್ದುದರಿಂದ ಆ ಮಾತನ್ನೂ ತಳ್ಳಿಹಾಕಲಾರೆ. ಏಪ್ರಿಲ್‌ನಲ್ಲಿ ಯುದ್ಧವಾಗಲಿಲ್ಲ, ಸಿದ್ಧತೆ ಏಳು ತಿಂಗಳು ನಡೆಯಿತು ಎಂಬುದರಲ್ಲಿ ವಿವಾದವಿಲ್ಲ.

ಡಿಸೆಂಬರ್ 3ರಂದು ಮೊದಲಾದ ಯುದ್ಧ 16ರಂದು ಢಾಕಾದಲ್ಲಿ ಮುಗಿಯಿತು. ಸುಮಾರು 93,000 ಮಂದಿ ಸೆರೆಯಾದರು. ಶರಣಾಗತಿಯನ್ನು ಸ್ವೀಕರಿಸಲು ಢಾಕಾಕ್ಕೆ ಹೋಗುವಿರಾ ಎಂದು ಪ್ರಧಾನಿ ಕೇಳಿದಾಗ, ಆ ಗೌರವ ಪೂರ್ವ ವಲಯದ ಸೇನಾಧಿಪತಿ ಜಗಜಿತ್ ಸಿಂಗ್ ಅರೋರಾ ಅವರಿಗೆ ಸಲ್ಲಬೇಕಾದುದು ಎಂದರು. ಇಂದು ಪಠ್ಯಪುಸ್ತಕಗಳಲ್ಲಿ ನೀವು ನೋಡುವ ಆ ಪ್ರಸಿದ್ಧ ಚಿತ್ರದಲ್ಲಿ ಜನರಲ್ ನಿಯಾಜಿ ಸಹಿ ಹಾಕುತ್ತಿದ್ದಾರೆ, ಪಕ್ಕದಲ್ಲಿ ಅರೋರಾ ಕುಳಿತಿದ್ದಾರೆ. ಆ ಯುದ್ಧದ ಸೂತ್ರಧಾರರು ಚಿತ್ರದಲ್ಲಿಲ್ಲ. ಸಭೆಗಳಲ್ಲಿ ವೇದಿಕೆಯ ಮೇಲಿನ ಕುರ್ಚಿಗಾಗಿ ನಾವು ಪಡುವ ಪಾಡನ್ನು ಬಲ್ಲವರಿಗೆ ಇದು ಎಷ್ಟು ಕಷ್ಟದ ಕೆಲಸವೆಂದು ತಿಳಿದಿದೆ.

1973ರ ಜನವರಿ 1ರಿಂದ ಅವರು ಫೀಲ್ಡ್ ಮಾರ್ಷಲ್. ಸ್ವತಂತ್ರ ಭಾರತದಲ್ಲಿ ಆ ಪದವಿ ಪಡೆದವರಲ್ಲಿ ಮೊದಲಿಗರು. ಎರಡನೆಯವರು ಕೊಡಗಿನ ಕಾರ್ಯಪ್ಪನವರು, ಅವರಿಗೆ ದೊರೆತದ್ದು 1986ರಲ್ಲಿ. ಮೂರನೆಯವರಿಲ್ಲ. ಅದೇ ಜನವರಿ 15ರಂದು ಮಾಣೆಕ್‌ಶಾ ಸಕ್ರಿಯ ಸೇವೆಯಿಂದ ನಿವೃತ್ತರಾದರು. 1949ರ ಅದೇ ತಾರೀಖಿನಂದು ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ದಂಡನಾಯಕರಾದುದರ ನೆನಪಿಗೆ ನಾವು ಸೇನಾ ದಿನವನ್ನು ಆಚರಿಸುತ್ತೇವೆ.

ನಿವೃತ್ತರಾದವರು ದೆಹಲಿಯಲ್ಲಿ ನಿಲ್ಲದೆ ಕೂನೂರಿಗೆ ಬಂದರು. ಮನೆಗೆ 'ಸ್ತಾವ್ಕಾ' ಎಂದು ಹೆಸರಿಟ್ಟರು. ರಷ್ಯನ್ ಭಾಷೆಯಲ್ಲಿ ಯುದ್ಧಕಾಲದ ಮಹಾಪಾಳೆಯಕ್ಕೆ ಆ ಹೆಸರು. ಹೆಂಡತಿ ಸಿಲ್ಲೂ ಅವರೊಡನೆ ಅಲ್ಲಿ ಮೂರು ದಶಕಗಳಿಗೆ ಹತ್ತಿರದ ಬದುಕು. ದೆಹಲಿಗೆ ಮಾತ್ರ ಅವರ ನೆನಪು ಕ್ರಮೇಣ ಮಸುಕಾಯಿತು. ಅದಕ್ಕೆ ಅವರ ನಾಲಗೆಯೂ ಸ್ವಲ್ಪ ಕಾರಣ. 1947ರಲ್ಲಿ ತಾವು ಪಾಕಿಸ್ತಾನದ ಸೇನೆಯನ್ನು ಆರಿಸಿಕೊಂಡಿದ್ದರೆ ಗೆಲುವು ಆ ಕಡೆಗೆ ಹೋಗುತ್ತಿತ್ತೇನೋ ಎಂಬರ್ಥದ ಹಾಸ್ಯದ ಮಾತೊಂದು ಪತ್ರಿಕೆಯಲ್ಲಿ ಬಂದು ದೊಡ್ಡ ಗದ್ದಲವಾಯಿತು.

ಫೀಲ್ಡ್ ಮಾರ್ಷಲರಿಗೆ ನಿವೃತ್ತಿಯೆಂಬುದಿಲ್ಲ. ಬದುಕಿರುವವರೆಗೆ ಅವರು ಸೇವೆಯಲ್ಲಿರುವವರೇ, ಪೂರ್ಣ ಸಂಬಳಕ್ಕೆ ಅರ್ಹರು. ಆ ಸಂಬಳ ಮೂರು ದಶಕಗಳಿಗೂ ಮೀರಿ ಅವರಿಗೆ ಸಲ್ಲಲಿಲ್ಲ. 2007ರಲ್ಲಿ, ಅಬ್ದುಲ್ ಕಲಾಂ ಅವರು ರಾಷ್ಟ್ರಪತಿಯಾಗಿದ್ದಾಗ, ಬಾಕಿಯ ಲೆಕ್ಕ ಹಾಕಿ ಒಂದು ಕೋಟಿ ರೂಪಾಯಿಗೂ ಮಿಕ್ಕ ಹಣದ ಚೆಕ್ಕನ್ನು ರಕ್ಷಣಾ ಇಲಾಖೆ ಮುಟ್ಟಿಸಿತು. ಆಗ ಅವರಿಗೆ ತೊಂಬತ್ತಮೂರರ ಆಸುಪಾಸು. ಹೆಂಡತಿ ತೀರಿಕೊಂಡು ಆರು ವರ್ಷ. ಪಿಂಚಣಿಯ ಕಾಗದಗಳಿಗಾಗಿ ಖಜಾನೆ ಕಚೇರಿಯ ಮೆಟ್ಟಿಲು ಹತ್ತಿಳಿದ ಮೇಷ್ಟರುಗಳು ಈ ಸಭೆಯಲ್ಲಿಯೂ ಇದ್ದಾರೆ. ಆ ಸಾಲಿನಲ್ಲಿ ಒಬ್ಬ ಫೀಲ್ಡ್ ಮಾರ್ಷಲರೂ ನಿಂತಿದ್ದರು ಎನ್ನಬಹುದು.

2008ರ ಜೂನ್ 27ರಂದು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ವೆಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಸೈನಿಕ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ರಾಷ್ಟ್ರಪತಿ ಬರಲಿಲ್ಲ, ಪ್ರಧಾನಿ ಬರಲಿಲ್ಲ, ಮೂರು ಸೇನೆಗಳ ಮುಖ್ಯಸ್ಥರಲ್ಲಿ ಒಬ್ಬರೂ ಇರಲಿಲ್ಲ. ಕೇಂದ್ರದ ಪರವಾಗಿ ಬಂದವರು ರಕ್ಷಣಾ ಖಾತೆಯ ರಾಜ್ಯ ಸಚಿವರು. ರಾಷ್ಟ್ರೀಯ ಶೋಕ ಘೋಷಣೆಯಾಗಲಿಲ್ಲ. ಭೂಸೇನೆಯ ಮುಖ್ಯಸ್ಥರು ವಿದೇಶ ಪ್ರವಾಸದಲ್ಲಿದ್ದರು, ಶಿಷ್ಟಾಚಾರದ ನಿಯಮಗಳು ಹೀಗಿವೆ ಹಾಗಿವೆ ಎಂದು ಆಮೇಲೆ ವಿವರಣೆಗಳು ಬಂದವು. 1993ರ ಮೇ ತಿಂಗಳಲ್ಲಿ ಮಡಿಕೇರಿಯಲ್ಲಿ ಕಾರ್ಯಪ್ಪನವರ ಚಿತೆಯ ಬಳಿ ಮೂರೂ ಸೇನೆಗಳ ಮುಖ್ಯಸ್ಥರು ನಿಂತಿದ್ದರು. ಅವರೊಂದಿಗೆ ಮಾಣೆಕ್‌ಶಾ ಅವರೂ ಬಂದು ನಿಂತಿದ್ದರು. ಹದಿನೈದು ವರ್ಷಗಳಲ್ಲಿ ನಿಯಮ ಬದಲಾಗಿರಲಿಲ್ಲ.

ಆ ಹುಡುಗನ ರೊಮ್ಮೆಲ್ ವಿಷಯವನ್ನು ಇಲ್ಲಿ ಹೇಳಿಬಿಡಬೇಕು. ಅಷ್ಟೊಂದು ಪದಕ ಕೊಟ್ಟ ಹಿಟ್ಲರನ ಸರ್ಕಾರವೇ 1944ರ ಅಕ್ಟೋಬರಿನಲ್ಲಿ, ತನ್ನ ವಿರುದ್ಧದ ಸಂಚಿನಲ್ಲಿ ಪಾಲಿದೆಯೆಂದು ಶಂಕಿಸಿ, ರೊಮ್ಮೆಲ್‌ನ ಮನೆಗೆ ಇಬ್ಬರು ಅಧಿಕಾರಿಗಳ ಕೈಯಲ್ಲಿ ವಿಷ ಕಳುಹಿಸಿತು. ಕುಡಿದರೆ ಹೆಂಡತಿ ಮಗನಿಗೆ ತೊಂದರೆಯಿಲ್ಲ ಎಂಬ ಕರಾರು. ಆತ ಸತ್ತ ಮೇಲೆ ಗಾಯದಿಂದ ತೀರಿಕೊಂಡನೆಂದು ಸಾರಿ, ಪದಕಗಳನ್ನೆಲ್ಲ ಮೆರೆಸಿ, ಉಲ್ಮ್ ನಗರದಲ್ಲಿ ಸರ್ಕಾರಿ ಮರ್ಯಾದೆಯ ಅಂತ್ಯಕ್ರಿಯೆ ನಡೆಸಿತು. ಮೆರವಣಿಗೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಈ ಭಾಗ ಇರಲಿಲ್ಲವಾದ್ದರಿಂದ ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮವರಿಗೆ ಯಾರೂ ಬರದಿದ್ದದ್ದೇ ವಾಸಿಯೇ ಸಾರ್?" ಎಂದ. ವಾಸಿಯಲ್ಲ ಮಗು ಎಂದೆ. ಎರಡೂ ತಪ್ಪೇ.

ಆಮೇಲೆ ಮಾಡಬೇಕಾದುದನ್ನು ಸ್ವಲ್ಪಸ್ವಲ್ಪವಾಗಿ ಮಾಡಿದರು. 2008ರ ಡಿಸೆಂಬರ್ 16ರಂದು ಅಂಚೆಚೀಟಿ ಬಂದಿತು. ಮರುವರ್ಷ ನಮ್ಮ ರಸ್ತೆಯ ಸೇತುವೆಗೆ ಹೆಸರಿಟ್ಟರು. ಬೆಂಗಳೂರಿನಲ್ಲಿ ಸ್ವಾತಂತ್ರ್ಯೋತ್ಸವದ ಕವಾಯತು ನಡೆಯುವ ಮೈದಾನವೂ ಅವರ ಹೆಸರಿನದು. 2023ರಲ್ಲಿ ಹಿಂದಿಯಲ್ಲಿ ಚಲನಚಿತ್ರವಾಯಿತು. ಮಕ್ಕಳಲ್ಲಿ ಕೆಲವರು ಅದನ್ನು ನೋಡಿದ್ದಾರೆಂದು ಕೇಳಿದೆ.

ಸಮಾಧಿ ಇರುವುದು ಉದಕಮಂಡಲದ ಪಾರ್ಸಿ ರುದ್ರಭೂಮಿಯಲ್ಲಿ, ಸಿಲ್ಲೂ ಅವರ ಸಮಾಧಿಯ ಪಕ್ಕದಲ್ಲಿ. ಈ ವರ್ಷ ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳನ್ನು ಡಿಸೆಂಬರ್ 16ರಂದು ಅಲ್ಲಿಗೆ ಕರೆದೊಯ್ಯಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬಸ್ಸು ವೆಲಿಂಗ್ಟನ್ ಸೇತುವೆಯ ಬಳಿಯೂ ಹತ್ತು ನಿಮಿಷ ನಿಲ್ಲುತ್ತದೆ. ಮನೆಯಲ್ಲಿ ಪದಕವಿರುವ ಮಕ್ಕಳು ಅದು ಯಾರದು, ಯಾವುದಕ್ಕೆ ಸಿಕ್ಕಿದ್ದು ಎಂದು ಹಿರಿಯರನ್ನು ಕೇಳಿ ಒಂದು ಪುಟ ಬರೆದು ತರಬೇಕು. ನೋಟ್‌ಬುಕ್ಕಿನ ಹುಡುಗ ಆ ಪುಟಗಳನ್ನು ಜೋಡಿಸಿಕೊಡುವುದಾಗಿ ಹೇಳಿದ್ದಾನೆ.